ವಿದೇಶದ ಇಂಟರ್‌ನ್ಯಾಷನಲ್ ಶಾಲೆಯ ಆಫರ್: ಸಹಿ ಹಾಕೋ ಮುಂಚೆ ಏನೇನು ನೋಡಬೇಕು?

ಸೋಮವಾರಪೇಟೆ_ಗಣಿತ
ಎಲ್ಲರಿಗೂ ನಮಸ್ಕಾರ. ಓದಿರೋದು ಎಂಎಸ್ಸಿ ಗಣಿತ, ಬಿಎಡ್. ಸಿಬಿಎಸ್‌ಇ ಶಾಲೆಯಲ್ಲಿ ಹೈಸ್ಕೂಲಿಗೆ ಪಾಠ ಮಾಡಿದ ಅನುಭವ ಇದೆ. ಈಗ ಎರಡು ಆಫರ್ ಕೈಯಲ್ಲಿದೆ. ಒಂದು ದುಬೈನ ಸಿಬಿಎಸ್‌ಇ ಶಾಲೆ, ತಿಂಗಳಿಗೆ 6,000 ದಿರ್ಹಮ್ "ಎಲ್ಲ ಸೇರಿ". ಇನ್ನೊಂದು ಬ್ಯಾಂಕಾಕ್ ಹತ್ತಿರದ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ ಪಠ್ಯಕ್ರಮದ) ಶಾಲೆ, ತಿಂಗಳಿಗೆ 55,000 ಬಾತ್, ವಸತಿ ಬೇರೆ. ಎರಡೂ ಎರಡು ವರ್ಷದ ಕರಾರು, ಆಗಸ್ಟಿನಲ್ಲಿ ಸೇರಬೇಕು. ಸಂಬಳ ಬಿಟ್ಟು ಇನ್ನೇನು ನೋಡಬೇಕು? ಕಾಗದಪತ್ರ ಎಲ್ಲಿಂದ ಶುರು ಮಾಡಬೇಕು? ಐಬಿ ಗಣಿತ ನಮ್ಮ ಕಡೆ ಓದಿದವರಿಗೆ ಎಷ್ಟು ಕಷ್ಟ? ಗೊತ್ತಿರೋರು ಬಿಡಿಸಿ ಹೇಳಿ.

ಮರ್ಕರ_ಮೇಷ್ಟ್ರು
"ಎಲ್ಲ ಸೇರಿ" ಅನ್ನೋ ಮಾತು ನೋಡಿದ ಕೂಡಲೇ ಕೇಳಬೇಕಾದ್ದು: ಬೇಸಿಕ್ ಎಷ್ಟು? ಯುಎಇಯಲ್ಲಿ ಕೆಲಸ ಬಿಡುವಾಗ ಸಿಗೋ ಗ್ರಾಚ್ಯುಟಿ ನಿಂತಿರೋದು ಮೂಲ ವೇತನದ ಮೇಲೆ, ಒಟ್ಟು ಸಂಬಳದ ಮೇಲೆ ಅಲ್ಲ. ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. ಒಂದು ವರ್ಷ ತುಂಬದೆ ಬಿಟ್ಟರೆ ಏನೂ ಇಲ್ಲ.

ಬೇಸಿಕ್ 3,000 ಅಂತಿಟ್ಟುಕೊಳ್ಳಿ. ದಿನಕ್ಕೆ 100, 21 ದಿನಕ್ಕೆ 2,100, ಎರಡು ವರ್ಷಕ್ಕೆ 4,200 ದಿರ್ಹಮ್. ಅದೇ 6,000 ಸಂಬಳದಲ್ಲಿ ಬೇಸಿಕ್ 4,500 ಇದ್ದರೆ 6,300 ಆಗುತ್ತೆ. ಹಾಗಾಗಿ ಬೇಸಿಕ್, ಮನೆ ಬಾಡಿಗೆ, ಸಾರಿಗೆ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಕೊಡಿ ಅಂತ ಕೇಳಿ. ಕೊಡಲ್ಲ ಅಂದರೆ ಅದೇ ಉತ್ತರ.

ಕಾಳುಮೆಣಸು
ಮನೆ ಕೊಡ್ತಾರೋ, ದುಡ್ಡು ಕೊಡ್ತಾರೋ ಅದನ್ನೂ ಕೇಳಿ. 6,000ದಲ್ಲೇ ದುಬೈ ಬಾಡಿಗೆ ಕಟ್ಟಬೇಕು ಅಂದರೆ ಉಳಿಯೋದು ಕಷ್ಟ. ಶೇರಿಂಗ್ ಅಂದರೆ ಒಂದು ಫ್ಲಾಟಿಗೆ ಎಷ್ಟು ಜನ, ಸ್ವಂತ ಕೋಣೆ ಇದೆಯಾ ಅನ್ನೋದು ಕರಾರಿನಲ್ಲೇ ಬರಬೇಕು.

ಬರಪೊಳೆ
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಶಾಲೆಯ ಲೆಟರ್‌ಹೆಡ್ಡಿನಲ್ಲಿ ಬರೋ ಪತ್ರ ಬೇರೆ, ಅಲ್ಲಿನ ಕಾರ್ಮಿಕ ಸಚಿವಾಲಯದ ವ್ಯವಸ್ಥೆಯಿಂದ ಬರೋ ಅಧಿಕೃತ ಆಫರ್ ಬೇರೆ. ಕಾನೂನಿನ ಲೆಕ್ಕಕ್ಕೆ ಎರಡನೆಯದೇ ಮುಖ್ಯ. ಅದರಲ್ಲಿ ಇರೋದು ಆಮೇಲಿನ ಕರಾರಿನಲ್ಲೂ ಹಾಗೇ ಇರಬೇಕು. ಶಾಲೆಯ ಪತ್ರದಲ್ಲಿ 6,000, ಸಚಿವಾಲಯದ ಕಾಗದದಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಸಹಿ ಹಾಕಬೇಡಿ. ಆ ಕಾಗದ ಅರೇಬಿಕ್, ಇಂಗ್ಲಿಷ್‌ನಲ್ಲಿ ಇರುತ್ತೆ, ಜೊತೆಗೆ ಮೂರನೇ ಭಾಷೆ ಆರಿಸಿಕೊಳ್ಳೋಕೆ ಬಿಡ್ತಾರೆ. ಅದರಲ್ಲಿ ಹಿಂದಿ, ಮಲಯಾಳಂ ಇದೆ, ಕನ್ನಡ ಇಲ್ಲ.

ಇನ್ನೊಂದು: "ಮೊದಲು ವಿಸಿಟ್ ವೀಸಾದಲ್ಲಿ ಬನ್ನಿ, ಇಲ್ಲಿ ಬಂದಮೇಲೆ ಬದಲಾಯಿಸೋಣ" ಅಂದರೆ ಬದಲಾಗೋವರೆಗೆ ತರಗತಿಗೆ ಕಾಲಿಡಬಾರದು. ವಿಸಿಟ್ ವೀಸಾದಲ್ಲಿ ಕೆಲಸ ಮಾಡೋದು ಅಪರಾಧ, ಸಿಕ್ಕಿಬಿದ್ದರೆ ಮೇಷ್ಟರಿಗೂ ದಂಡ.

ಹಾರಂಗಿ_22
ಏಜೆಂಟಿಗೆ ಒಂದೂವರೆ ಲಕ್ಷ ಕೊಟ್ಟರೆ ಎಲ್ಲ ಅವರೇ ನೋಡ್ಕೊಳ್ತಾರೆ. ಈಗ ಅದೇ ರೇಟು, ಎಲ್ಲರೂ ಕೊಡ್ತಾರೆ.

ಬರಪೊಳೆ
@ಹಾರಂಗಿ_22 ಎಲ್ಲರೂ ಕೊಡ್ತಾರೆ ಅಂದ ಮಾತ್ರಕ್ಕೆ ಸರಿ ಆಗಲ್ಲ. ನಮ್ಮ ದೇಶದ ವಲಸೆ ನಿಯಮದ ಪ್ರಕಾರ ನೋಂದಾಯಿತ ಏಜೆಂಟ್ ತಗೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರಸೀದಿ ಕೊಡಲೇಬೇಕು. ನೋಂದಣಿ ಇದೆಯೋ ಇಲ್ಲವೋ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಯುಎಇ ಕಾನೂನಿನಲ್ಲಂತೂ ನೇಮಕಾತಿ, ವೀಸಾ ಖರ್ಚು ಮಾಲೀಕನದ್ದೇ, ನೌಕರನಿಂದ ವಸೂಲು ಮಾಡೋ ಹಾಗಿಲ್ಲ. ಒಳ್ಳೆ ಶಾಲೆಗಳು ತಮ್ಮ ಜಾಲತಾಣದಲ್ಲೇ ಹುದ್ದೆ ಹಾಕ್ತವೆ. ಅಲ್ಲಿ ಅರ್ಜಿ ಹಾಕೋಕೆ ನಯಾಪೈಸೆ ಬೇಡ.

ಕುಶಾಲನಗರ_ಅಕ್ಕ
ಒಂದೂವರೆ ಲಕ್ಷ ಅಂದರೆ ಅಲ್ಲಿ ಮೊದಲ ತಿಂಗಳ ಸಂಬಳ ಪೂರ್ತಿ ಹೋಯ್ತಲ್ಲ! ಬೇಡವೇ ಬೇಡ.

ಏಲಕ್ಕಿಮಲೆ
ಕಾಗದಪತ್ರದ ಬಗ್ಗೆ ಬರೀತೀನಿ, ಜಾಸ್ತಿ ಸಮಯ ತಿನ್ನೋದು ಅದೇ.

ಯುಎಇಗೆ ಡಿಗ್ರಿ ಅಟೆಸ್ಟೇಷನ್ (ಪ್ರಮಾಣಪತ್ರ ಅಸಲಿ ಅನ್ನೋ ದೃಢೀಕರಣ ಮುದ್ರೆಗಳು) ಒಂದರ ಹಿಂದೆ ಒಂದು ಆಗಬೇಕು. ವಿಶ್ವವಿದ್ಯಾಲಯ ನೈಜತೆ ಖಚಿತಪಡಿಸುತ್ತೆ, ಆಮೇಲೆ ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಶಿಕ್ಷಣ ಇಲಾಖೆಯ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಗೆ ಹೋದಮೇಲೆ ಅಲ್ಲಿನ ವಿದೇಶಾಂಗ ಇಲಾಖೆ. ನಡುವಿನ ಒಂದು ಮೆಟ್ಟಿಲು ತಪ್ಪಿದರೂ ಮುಂದಿನ ಕಚೇರಿ ವಾಪಸ್ ಕಳಿಸುತ್ತೆ. ಪ್ರೊವಿಷನಲ್ ಸರ್ಟಿಫಿಕೇಟ್ ನಡೆಯಲ್ಲ, ಘಟಿಕೋತ್ಸವದ ಮೂಲ ಪದವಿ ಪ್ರಮಾಣಪತ್ರವೇ ಬೇಕು. ತುಂಬ ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲೇ, ಯಾಕಂದ್ರೆ ಪಾಸಾದಮೇಲೆ ಘಟಿಕೋತ್ಸವಕ್ಕೆ ಅರ್ಜಿಯನ್ನೇ ಹಾಕಿರಲ್ಲ. ಕೊಡಗಿನ ಕಾಲೇಜುಗಳಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಬರೋ ಮುಂಚೆ ಓದಿದವರದ್ದು ಮಂಗಳೂರು ವಿಶ್ವವಿದ್ಯಾಲಯದ ಪದವಿ. ಅವರ ಕೆಲಸ ಮಂಗಳೂರು ವಿ.ವಿ. ಇರೋ ಕೊಣಾಜೆಯಲ್ಲೇ ಆಗಬೇಕು, ಕೊಡಗು ವಿ.ವಿ. ಇರೋ ಚಿಕ್ಕಅಳುವಾರದಲ್ಲಿ ಕೇಳಿ ಪ್ರಯೋಜನ ಇಲ್ಲ.

ಎರಡನೆಯದು ಹೆಸರು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆತನದ ಹೆಸರು, ಅಪ್ಪನ ಹೆಸರು ಎರಡೂ ಇನಿಷಿಯಲ್ ಆಗಿರುತ್ತೆ. ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಬರೆದಿರುತ್ತೆ. ಮದುವೆಯಾದ ಹೆಣ್ಣುಮಕ್ಕಳಿಗೆ ಮನೆತನದ ಹೆಸರೇ ಬದಲಾಗಿರುತ್ತೆ. ಅಲ್ಲಿ ಕೂತಿರೋ ಗುಮಾಸ್ತನಿಗೆ ಇದು ಇಬ್ಬರು ಬೇರೆ ಬೇರೆ ವ್ಯಕ್ತಿ ಥರ ಕಾಣುತ್ತೆ. ಇಬ್ಬರೂ ಒಬ್ಬರೇ ಅಂತ ನೋಟರಿ ಅಫಿಡವಿಟ್ ಮಾಡಿಸಿ, ಅದನ್ನೂ ಅಟೆಸ್ಟೇಷನ್ ಕಟ್ಟಿನಲ್ಲೇ ಸೇರಿಸಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ಈಗಲೇ ತುಂಬಿಸಿ. ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ಯುಎಇ 2022ರ ನವೆಂಬರಿನಿಂದ ವಿಸಿಟ್ ವೀಸಾ ಕೊಡ್ತಿಲ್ಲ. ಮುಂದೆ ಅಪ್ಪ ಅಮ್ಮನನ್ನ ಕರೆಸಿಕೊಳ್ಳುವಾಗ ಅವರ ಪಾಸ್‌ಪೋರ್ಟಿಗೂ ಇದೇ ತೊಂದರೆ ಬರುತ್ತೆ.

ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಜಾಲತಾಣದಿಂದ ಮಾಡಿಸಿ, ಶುಲ್ಕ 500 ರೂಪಾಯಿ. ತುಂಬ ಬೇಗ ಮಾಡಿಸಬೇಡಿ, ಸಾಮಾನ್ಯವಾಗಿ ಆರು ತಿಂಗಳ ಒಳಗಿನದನ್ನೇ ಒಪ್ಪೋದು.

ತಡಿಯಂಡಮೋಳ್
ಇಷ್ಟೆಲ್ಲ ಯಾಕೆ? ಅಪೊಸ್ಟಿಲ್ ಒಂದು ಹಾಕಿಸಿದರೆ ಆಯ್ತಲ್ಲ, 50 ರೂಪಾಯಿ ಸರ್ಕಾರಿ ಶುಲ್ಕ ಅಷ್ಟೇ.

ಏಲಕ್ಕಿಮಲೆ
@ತಡಿಯಂಡಮೋಳ್ ಅಪೊಸ್ಟಿಲ್ ಅಂದರೆ ರಾಯಭಾರ ಕಚೇರಿಯ ಬದಲು ವಿದೇಶಾಂಗ ಸಚಿವಾಲಯ ಹಾಕೋ ಒಂದೇ ಮುದ್ರೆ, ಅದು ನಡೆಯೋದು ಅದನ್ನ ಒಪ್ಪಿಕೊಂಡ ಹೇಗ್ ಒಪ್ಪಂದದಲ್ಲಿರೋ ದೇಶಗಳಿಗೆ ಮಾತ್ರ. ಓಮನ್, ಬಹರೈನ್ ಇದೆ, ಸೌದಿ 2022ರ ಡಿಸೆಂಬರಿನಲ್ಲಿ ಬಂತು. ಯುಎಇಗೆ ರಾಯಭಾರ ಕಚೇರಿ ಮುದ್ರೆಯೇ ಬೇಕು. ಅಪೊಸ್ಟಿಲ್ ಹಾಕಿಸಿಕೊಂಡು ಅಲ್ಲಿಗೆ ಹೋದರೆ ಮತ್ತೆ ಮೊದಲಿಂದ ಶುರು. ಯಾವ ದೇಶ ಅಂತ ಗಟ್ಟಿಯಾದ ಮೇಲೆಯೇ ಮುದ್ರೆ ಹಾಕಿಸಿ.

ಗೋಣಿಕೊಪ್ಪಲು_ಕೆಮಿಸ್ಟ್ರಿ
ಈಗ ಪಾಠದ ವಿಷಯ. ಐಬಿ ಅಂದಕೂಡಲೇ ಸಿಲೆಬಸ್ ಕಷ್ಟ ಅಂತ ಹೆದರ್ತಾರೆ. ಎಂಎಸ್ಸಿ ಮಾಡಿದವರಿಗೆ ಸಿಲೆಬಸ್ ಏನೇನೂ ಅಲ್ಲ. ಒದ್ದಾಟ ಇರೋದು ಮೌಲ್ಯಮಾಪನದಲ್ಲಿ. ಗಣಿತದವರು ನೋಡಿಕೊಳ್ಳಬೇಕಾದ್ದು ಇಷ್ಟು:

ಡಿಪ್ಲೊಮಾದಲ್ಲಿ (ಐಬಿಯ ಕೊನೆಯ ಎರಡು ವರ್ಷ, ನಮ್ಮ ಪಿಯುಸಿ ಇದ್ದ ಹಾಗೆ) 2019ರಿಂದ ಗಣಿತ ಎರಡು ದಾರಿ: ಅನಾಲಿಸಿಸ್ ಅಂಡ್ ಅಪ್ರೋಚಸ್, ಅಪ್ಲಿಕೇಷನ್ಸ್ ಅಂಡ್ ಇಂಟರ್‌ಪ್ರಿಟೇಷನ್. ಎರಡರಲ್ಲೂ ಹೈಯರ್ ಮತ್ತು ಸ್ಟ್ಯಾಂಡರ್ಡ್ ಮಟ್ಟ. ಅನಾಲಿಸಿಸ್‌ನ ಮೊದಲ ಪೇಪರಿಗೆ ಕ್ಯಾಲ್ಕುಲೇಟರ್ ಇಲ್ಲ. ಎರಡನೆಯದಕ್ಕೆ ಗ್ರಾಫಿಕ್ ಕ್ಯಾಲ್ಕುಲೇಟರ್ ಬೇಕೇ ಬೇಕು. ಅಪ್ಲಿಕೇಷನ್ಸ್‌ನಲ್ಲಿ ಎಲ್ಲ ಪೇಪರಿಗೂ ಅದು ಬೇಕು. ನಮ್ಮ ಕಡೆ ಮೇಷ್ಟ್ರುಗಳಿಗೆ ಅದನ್ನ ಮುಟ್ಟೋ ಅವಕಾಶವೇ ಸಿಕ್ಕಿರಲ್ಲ. ಶಾಲೆ ಬಳಸೋದು ಟಿಐ ಎನ್‌ಸ್ಪೈರಾ, ಟಿಐ-84ಆ, ಕ್ಯಾಸಿಯೊ ಸಿಜಿ50ಯಾ ಅಂತ ಕೇಳಿಕೊಂಡು ಹೋಗೋ ಮುಂಚೆಯೇ ಅಭ್ಯಾಸ ಮಾಡಿ. ಎರಡು ರೇಖೆ ಸೇರೋ ಬಿಂದು, ಪ್ರದೇಶದ ಇಂಟಿಗ್ರಲ್, ರಿಗ್ರೆಷನ್, ನಾರ್ಮಲ್ ಡಿಸ್ಟ್ರಿಬ್ಯೂಷನ್, ಈ ನಾಲ್ಕು ಕೈಗೆ ಬಂದರೆ ಮೊದಲ ಟರ್ಮ್ ದಾಟುತ್ತೆ.

ಉತ್ತರಪತ್ರಿಕೆ ನೋಡೋದು ಪೂರ್ತಿ ಬೇರೆ ಲೆಕ್ಕ. ಅಂಕಗಳಿಗೆ ಹೆಸರಿದೆ: ವಿಧಾನಕ್ಕೆ ಎಂ, ಉತ್ತರಕ್ಕೆ ಎ, ತರ್ಕಕ್ಕೆ ಆರ್. (ಎ) ಭಾಗದಲ್ಲಿ ಹುಡುಗ 12 ಬರೆಯೋ ಜಾಗದಲ್ಲಿ 14 ಬರೆದ ಅಂತಿಟ್ಟುಕೊಳ್ಳಿ. ಆ 14ನ್ನೇ ಹಿಡಿದು (ಬಿ) ಭಾಗ ಸರಿಯಾಗಿ ಮಾಡಿದರೆ ಅಲ್ಲಿ ಅಂಕ ಕೊಡಲೇಬೇಕು, ಅದನ್ನ ಫಾಲೋ ಥ್ರೂ ಅಂತಾರೆ. ನಾವು ಕೆಂಪು ಗೆರೆ ಹೊಡೆದು ಮುಂದೆ ಹೋಗಿಬಿಡ್ತೀವಿ, ಅಲ್ಲೇ ತಪ್ಪು. ಅದೇ "ತೋರಿಸಿ" ಅಂತ ಉತ್ತರ ಕೊಟ್ಟೇ ಕೇಳಿದ ಪ್ರಶ್ನೆಯಲ್ಲಿ ಕೊನೆಯ ಸಾಲಿಗೆ ಅಂಕವೇ ಇಲ್ಲ, ನಡುವಿನ ಹೆಜ್ಜೆಗಳಿಗೆ ಮಾತ್ರ. ಉತ್ತರ ನಿಖರವಾಗಿ ಬರೀಬೇಕು, ಇಲ್ಲವಾದರೆ ಮೂರು ಸಿಗ್ನಿಫಿಕೆಂಟ್ ಅಂಕಿಗೆ. ಎರಡು ದಶಮಾಂಶ ಸ್ಥಾನಕ್ಕೆ ಬರೆಸಿ ಅಭ್ಯಾಸ ಮಾಡಿಸಿದರೆ 0.0347 ಅನ್ನೋದು 0.03 ಆಗಿ ಮಕ್ಕಳು ಅಂಕ ಕಳ್ಕೊಳ್ತಾರೆ.

ಕೊನೆಯದು ಐಎ, ಅಂದರೆ ಮಗು ತಾನೇ ಆರಿಸಿದ ವಿಷಯದ ಮೇಲೆ 12ರಿಂದ 20 ಪುಟದ ಗಣಿತ ಬರಹ. ಒಟ್ಟು ಅಂಕದ 20 ಶೇಕಡಾ. ಮೇಷ್ಟ್ರು ಒಂದೇ ಒಂದು ಕರಡಿಗೆ ಸಲಹೆ ಕೊಡಬಹುದು, ಅದಕ್ಕಿಂತ ಹೆಚ್ಚು ತಿದ್ದೋ ಹಾಗಿಲ್ಲ. ಅಂಕ ಶಾಲೆಯಲ್ಲೇ ಹಾಕೋದು, ಆದರೆ ಐಬಿಯವರು ಕೆಲವನ್ನ ತರಿಸಿ ಮರುಪರಿಶೀಲನೆ ಮಾಡ್ತಾರೆ. ಉದಾರವಾಗಿ ಹಾಕಿದ್ದರೆ ಇಡೀ ಗುಂಪಿನ ಅಂಕ ಇಳಿಯುತ್ತೆ.

ಸೋಮವಾರಪೇಟೆ_ಗಣಿತ
@ಗೋಣಿಕೊಪ್ಪಲು_ಕೆಮಿಸ್ಟ್ರಿ ಇದು ಬೇಕಿತ್ತು, ಎಲ್ಲೂ ಇಷ್ಟು ಬಿಡಿಸಿ ಸಿಕ್ಕಿರಲಿಲ್ಲ. ಡೆಮೊ ಪಾಠಕ್ಕೆ ಏನು ತಯಾರಿ?

ಗೋಣಿಕೊಪ್ಪಲು_ಕೆಮಿಸ್ಟ್ರಿ
20 ನಿಮಿಷ ಕೊಟ್ಟರೆ ನೀವು ಮಾತಾಡೋದು ಏಳೆಂಟು ನಿಮಿಷ ಮೀರಬಾರದು. ಬೋರ್ಡ್ ತುಂಬ ಬರೆದು ತೋರಿಸಿದರೆ ಆಯ್ಕೆ ಆಗಲ್ಲ. ಒಂದು ಪ್ರಶ್ನೆ ಇಡಿ, ಮಕ್ಕಳು ಊಹೆ ಮಾಡಲಿ, ಇಬ್ಬಿಬ್ಬರು ಮಾತಾಡಲಿ. ಬೇಗ ಮುಗಿಸಿದವನಿಗೆ ಏನು ಕೊಡ್ತೀರಿ, ಹಿಂದೆ ಬಿದ್ದವಳಿಗೆ ಏನು ಸುಳಿವು ಕೊಡ್ತೀರಿ ಅನ್ನೋದು ಪಾಠ ಯೋಜನೆಯಲ್ಲಿ ಬರೆದಿರಲಿ. ಪಾಠ ಮುಗಿಯೋ ಮುಂಚೆ ಎಷ್ಟು ಜನಕ್ಕೆ ಅರ್ಥ ಆಯ್ತು ಅಂತ ನಿಮಗೆ ಹೇಗೆ ತಿಳೀತು? ಈ ಪ್ರಶ್ನೆ ಕೇಳೇ ಕೇಳ್ತಾರೆ.

ಮಾಂದಲ್‌ಪಟ್ಟಿ_ಮಂಜು
ಹೊಸಬರಿಗೆ ದುಬೈ ಸಿಬಿಎಸ್‌ಇ ಶಾಲೆಯೇ ಒಳ್ಳೇದು ಅನ್ನೋದು ನನ್ನ ವಾದ. ಗೊತ್ತಿರೋ ಪಠ್ಯ, ಗೊತ್ತಿರೋ ಪರೀಕ್ಷೆ, ಆದಾಯ ತೆರಿಗೆ ಇಲ್ಲ. ಐಬಿ ಆಮೇಲೆ ನೋಡ್ಕೊಳ್ಳಬಹುದು.

ಗೋಣಿಕೊಪ್ಪಲು_ಕೆಮಿಸ್ಟ್ರಿ
ಒಪ್ಪಲ್ಲ. ಗಲ್ಫಿನ ಸಿಬಿಎಸ್‌ಇಯಲ್ಲಿ ಐದು ವರ್ಷ ಇದ್ದರೂ ಐಬಿ ಶಾಲೆಯವರು "ಐಬಿ ಅನುಭವ ಇದೆಯಾ" ಅಂತಲೇ ಕೇಳೋದು. ಮೊದಲ ಬಾಗಿಲೇ ಕಷ್ಟ, ಅದು ತೆರೆದಿರುವಾಗ ಬಿಡಬಾರದು. ಆದರೆ ಒಂದು ಷರತ್ತು: ಆ ಶಾಲೆ ನಿಜವಾಗಿ ಐಬಿ ವರ್ಲ್ಡ್ ಸ್ಕೂಲಾ, ಇನ್ನೂ ಕ್ಯಾಂಡಿಡೇಟ್ (ಮಾನ್ಯತೆಗೆ ಕಾಯ್ತಿರೋ) ಹಂತದಲ್ಲಿದೆಯಾ? ಐಬಿ ಜಾಲತಾಣದಲ್ಲೇ ಶಾಲೆ ಹೆಸರು ಹುಡುಕಿ. ಮಾನ್ಯತೆ ಇರೋದು ಪ್ರೈಮರಿಗೆ ಮಾತ್ರ, ಡಿಪ್ಲೊಮಾಗೆ ಇನ್ನೂ ಇಲ್ಲ ಅನ್ನೋ ಶಾಲೆಗಳೂ ಇವೆ.

ಮರ್ಕರ_ಮೇಷ್ಟ್ರು
ಇಬ್ಬರದ್ದೂ ಅರ್ಧ ಸರಿ. ಮುಂದೆ ಇಂಗ್ಲೆಂಡ್ ಕಡೆ ಕಣ್ಣಿದ್ದರೆ 2023ರ ಫೆಬ್ರವರಿಯಿಂದ ಭಾರತದ ಶಿಕ್ಷಕರೂ ಅಲ್ಲಿನ ಕ್ಯೂಟಿಎಸ್‌ಗೆ (ಅರ್ಹ ಶಿಕ್ಷಕ ಅನ್ನೋ ಮಾನ್ಯತೆಗೆ) ನೇರವಾಗಿ ಅರ್ಜಿ ಹಾಕಬಹುದು. 11ರಿಂದ 16 ವಯಸ್ಸಿನವರಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸೋರಿಗೆ ಮಾತ್ರ. ಗಣಿತದವರಿಗೆ ಇದು ದೊಡ್ಡ ಅನುಕೂಲ. ಅರ್ಜಿ ಯಾವ ಊರಲ್ಲಿ ಕೂತೂ ಹಾಕಬಹುದು.

ಕಿತ್ತಳೆತೋಟ
ಥಾಯ್ಲೆಂಡ್ ಬಗ್ಗೆ ಯಾರೂ ಬರೆದಿಲ್ಲ. ನಾನ್-ಇಮಿಗ್ರಂಟ್ ಬಿ ವೀಸಾ, ವರ್ಕ್ ಪರ್ಮಿಟ್, ಶಿಕ್ಷಕರ ಮಂಡಳಿಯ (ಕುರುಸಭಾ) ಪರವಾನಗಿ ಅಥವಾ ಎರಡು ವರ್ಷದ ತಾತ್ಕಾಲಿಕ ಅನುಮತಿ, ಇವು ಮೂರೂ ಬೇರೆ ಬೇರೆ. ಮೂರಕ್ಕೂ ಶಾಲೆಯೇ ಕಾಗದ ಕೊಡಬೇಕು. ಅಲ್ಲಿದ್ದಷ್ಟು ಕಾಲ 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು.

ಎಲ್ಲರೂ ಮರೆಯೋದು ರೀ-ಎಂಟ್ರಿ ಪರ್ಮಿಟ್. ರಜೆಗೆ ಊರಿಗೆ ಬರೋ ಮುಂಚೆ ಅದು ತಗೊಳ್ಳದೆ ವಿಮಾನ ಹತ್ತಿದರೆ ಅಲ್ಲಿರೋ ಅನುಮತಿ ರದ್ದು, ಎಲ್ಲ ಹೊಸದಾಗಿ ಮಾಡಬೇಕು. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಅಂದರೆ 3,800. ವರ್ಷಕ್ಕೆ ನಾಲ್ಕು ಸಲ ಹೊರಗೆ ಹೋಗೋರಿಗೆ ಎರಡನೆಯದೇ ಅಗ್ಗ.

ಅಲ್ಲಿ ತೆರಿಗೆ ಇದೆ. 55,000 ಅಂದರೆ ವರ್ಷಕ್ಕೆ 6,60,000. ಖರ್ಚಿನ ಲೆಕ್ಕದಲ್ಲಿ 1,00,000, ವೈಯಕ್ತಿಕ ವಿನಾಯಿತಿ 60,000 ಕಳೆದರೆ 5,00,000. ಮೊದಲ 1,50,000ಕ್ಕೆ ಇಲ್ಲ, ಮುಂದಿನ 1,50,000ಕ್ಕೆ 5 ಶೇಕಡಾ, ಉಳಿದ 2,00,000ಕ್ಕೆ 10 ಶೇಕಡಾ. ಒಟ್ಟು 27,500, ತಿಂಗಳಿಗೆ ಸುಮಾರು 2,300 ಬಾತ್. ಹೆದರೋ ಮೊತ್ತ ಅಲ್ಲ.

ಕುಶಾಲನಗರ_ಅಕ್ಕ
ರಜೆ ಯಾವಾಗ ಸಿಗುತ್ತೆ? ಪುತ್ತರಿಗೆ (ಕೊಡಗಿನ ಸುಗ್ಗಿ ಹಬ್ಬಕ್ಕೆ) ಬರೋಕಾಗುತ್ತಾ?

ಕಾಳುಮೆಣಸು
@ಕುಶಾಲನಗರ_ಅಕ್ಕ ಪುತ್ತರಿ ನವೆಂಬರ್ ಕೊನೆ, ಡಿಸೆಂಬರ್ ಮೊದಲು ಬರೋದು, ಶಾಲೆಗಳ ರಜೆ ಡಿಸೆಂಬರ್ ಮಧ್ಯದಿಂದ. ಅದು ಸಿಗೋದು ಕಷ್ಟ. ಟರ್ಮಿನ ನಡುವೆ ರಜೆ ಕೇಳಿದರೆ ಸಂಬಳ ಕಟ್. ದೊಡ್ಡ ರಜೆ ಜುಲೈ, ಆಗಸ್ಟ್, ಅಂದರೆ ಸರಿಯಾಗಿ ಕಕ್ಕಡ ಮಾಸದ (ಆಟಿ ತಿಂಗಳ) ಮಳೆಗೆ. ಆ ತಿಂಗಳಲ್ಲಿ ಮಾಡೋ ಮದ್ದು ಸೊಪ್ಪಿನ ಪಾಯಸ ಸಿಗುತ್ತೆ ಬಿಡಿ.

ತಡಿಯಂಡಮೋಳ್
ದುಬೈನಿಂದ ಬರೋರಿಗೆ ಕಣ್ಣೂರು ಏರ್‌ಪೋರ್ಟೇ ಹತ್ತಿರ. ವಿರಾಜಪೇಟೆಗೆ ಸುಮಾರು 60 ಕಿ.ಮೀ. ಆದರೆ ಮಳೆಗಾಲದಲ್ಲಿ ಆ ದಾರಿಯ ಮಾಕುಟ್ಟ ಘಾಟಿ ರಸ್ತೆ ನಂಬಿಕೊಂಡು ಟಿಕೆಟ್ ಬುಕ್ ಮಾಡಬೇಡಿ. ಮರ ಬಿದ್ದರೆ, ಬರೆ (ಗುಡ್ಡದ ಮಣ್ಣು) ಜರಿದರೆ ಗಂಟೆಗಟ್ಟಲೆ ನಿಲ್ಲಬೇಕು. ವಾಪಸ್ ಹೋಗುವಾಗ ಒಂದು ದಿನ ಮುಂಚೆಯೇ ಏರ್‌ಪೋರ್ಟ್ ಇರೋ ಮಟ್ಟನ್ನೂರಿಗೆ ಇಳಿದುಬಿಡಿ.

ಮಾಂದಲ್‌ಪಟ್ಟಿ_ಮಂಜು
ವಿಷಯ ಸ್ವಲ್ಪ ಬೇರೆ. ಎರಡು ವರ್ಷ ದುಡಿದು ಊರಲ್ಲಿ ಎರಡು ಎಕರೆ ಕಾಫಿ ತೋಟ ತಗೋಬಹುದು. 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದುಪಡಿ ಆದಮೇಲೆ ಯಾರು ಬೇಕಾದರೂ ಕೃಷಿ ಭೂಮಿ ತಗೋಬಹುದಲ್ಲ.

ಬರಪೊಳೆ
@ಮಾಂದಲ್‌ಪಟ್ಟಿ_ಮಂಜು ಇದೊಂದು ದೊಡ್ಡ ತಪ್ಪು ತಿಳಿವಳಿಕೆ, ದಯವಿಟ್ಟು ಹರಡಬೇಡಿ. ಅದು ರಾಜ್ಯದ ಕಾಯ್ದೆ. ಅನಿವಾಸಿಗಳಿಗೆ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ಅನ್ವಯಿಸುತ್ತೆ, ಅದು ಕೇಂದ್ರದ್ದು. ಅದರ ಪ್ರಕಾರ ಅನಿವಾಸಿ ಭಾರತೀಯರು ಕೃಷಿ ಭೂಮಿ, ಪ್ಲಾಂಟೇಷನ್, ಫಾರ್ಮ್ ಹೌಸ್ ಖರೀದಿ ಮಾಡೋ ಹಾಗಿಲ್ಲ, ದಾನಪತ್ರದಲ್ಲೂ ಪಡೆಯೋ ಹಾಗಿಲ್ಲ. ಉತ್ತರಾಧಿಕಾರದಿಂದ ಬಂದರೆ ಸರಿ. ಹೋಗೋ ಮುಂಚೆಯೇ ಹೆಸರಿನಲ್ಲಿದ್ದ ತೋಟ ಇಟ್ಟುಕೊಳ್ಳಬಹುದು. ಅಪ್ಪ ತೋಟ ದಾನಪತ್ರ ಮಾಡಿಕೊಡೋ ಯೋಚನೆ ಇದ್ದರೆ ವಿಮಾನ ಹತ್ತೋ ಮುಂಚೆ ಮಾಡಿಸಿ, ಇಲ್ಲವಾದರೆ ವಿಲ್ ಬರೆಸಿ. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಾಗದವರು ಇದರ ಮೇಲೆ ವಕೀಲರನ್ನೂ ಕೇಳಬೇಕು.

ಬ್ಯಾಂಕಿನದ್ದೂ ಹಾಗೇ. ಈಗಿನ ಉಳಿತಾಯ ಖಾತೆ ಎನ್‌ಆರ್‌ಒ (ಅನಿವಾಸಿಗಳ ಇಲ್ಲಿನ ಆದಾಯಕ್ಕಿರೋ ಖಾತೆ) ಮಾಡಿಸಬೇಕು. ವಿದೇಶದ ಸಂಬಳ ಕಳಿಸೋಕೆ ಎನ್‌ಆರ್‌ಇ ಖಾತೆ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಆದಾಯ ತೆರಿಗೆ ಲೆಕ್ಕದಲ್ಲಿ, ಆಗಸ್ಟ್ 15ಕ್ಕೆ ಹೊರಟರೆ ಏಪ್ರಿಲ್‌ನಿಂದ ಇಲ್ಲಿದ್ದದ್ದು 137 ದಿನ, 182ಕ್ಕಿಂತ ಕಡಿಮೆ, ಹಾಗಾಗಿ ಆ ವರ್ಷಕ್ಕೇ ಅನಿವಾಸಿ. ಡಿಸೆಂಬರ್ ರಜೆಗೆ ಬಂದ ದಿನಗಳೂ ಅದೇ ಲೆಕ್ಕಕ್ಕೆ ಸೇರುತ್ತೆ, ಗಮನ ಇರಲಿ.

ಹಾರಂಗಿ_22
ತೋಟದ ವಿಷಯ ಗೊತ್ತಿರಲಿಲ್ಲ. ಒಳ್ಳೆ ಮಾಹಿತಿ.

ಏಲಕ್ಕಿಮಲೆ
ರೆಫರೆನ್ಸ್ ಬಗ್ಗೆ ಒಂದು ಮಾತು. ಒಳ್ಳೆ ಶಾಲೆಗಳು ಹಿಂದಿನ ಮುಖ್ಯೋಪಾಧ್ಯಾಯರಿಗೆ ನೇರವಾಗಿ ಬರೆದು, ಇವರು ಮಕ್ಕಳ ಜೊತೆ ಕೆಲಸ ಮಾಡೋಕೆ ಯೋಗ್ಯರೇ ಅಂತ ಕೇಳ್ತವೆ. ಜಿಮೇಲ್ ವಿಳಾಸ ಕೊಟ್ಟರೆ ಒಪ್ಪಲ್ಲ. ಇಲ್ಲಿನ ಎಷ್ಟೋ ಶಾಲೆಗಳಲ್ಲಿ ಹೆಡ್‌ಮಾಸ್ಟರ್ ಬಳಸೋದೇ ಜಿಮೇಲ್. ಶಾಲೆಯ ಡೊಮೈನಿನಲ್ಲಿ ಒಂದು ವಿಳಾಸ ಮಾಡಿಸಿಕೊಡಿ ಅಂತ ಮುಂಚೆಯೇ ಕೇಳಿ. ಆಗದಿದ್ದರೆ ಲೆಟರ್‌ಹೆಡ್, ಸೀಲು, ಕಚೇರಿಯ ಸ್ಥಿರ ದೂರವಾಣಿ ಸಂಖ್ಯೆ ಮೂರೂ ಇರೋ ಪತ್ರ.

ಸೋಮವಾರಪೇಟೆ_ಗಣಿತ
ಎಲ್ಲರಿಗೂ ಧನ್ಯವಾದ. ಬ್ಯಾಂಕಾಕ್ ಕಡೆ ಮನಸ್ಸು ವಾಲ್ತಾ ಇದೆ. ಅವರಿಗೆ ಇವತ್ತೇ ಬರೀತೀನಿ: ಡಿಪ್ಲೊಮಾ ಮಾನ್ಯತೆ, ವಾರಕ್ಕೆ ಎಷ್ಟು ಪೀರಿಯಡ್, ಐಬಿ ತರಬೇತಿಯ ಖರ್ಚು ಯಾರದ್ದು, ಆರೋಗ್ಯ ವಿಮೆ, ವರ್ಷದ ಟಿಕೆಟ್. ಬಿಟ್ಟುಹೋದದ್ದು ಇದೆಯಾ? ಬಿಎಡ್ ಪ್ರಮಾಣಪತ್ರ ಲ್ಯಾಮಿನೇಷನ್ ಮಾಡಿಸಿದೆ, ಅದರಿಂದ ತೊಂದರೆ ಇದೆಯಾ?

ಮರ್ಕರ_ಮೇಷ್ಟ್ರು
ಎರಡು ಸೇರಿಸಿ. ಬೇರೆ ಮೇಷ್ಟ್ರು ರಜೆ ಹಾಕಿದಾಗ ಅವರ ತರಗತಿ ವಾರಕ್ಕೆ ಎಷ್ಟು ಸಲ ತಗೋಬೇಕು? ಕರಾರು ಮುಗಿಯೋ ಮುಂಚೆ ಬಿಟ್ಟರೆ ಏನು ವಾಪಸ್ ಕಟ್ಟಬೇಕು? ಎರಡನೆಯದಕ್ಕೆ ಮೊತ್ತ ಬರೆದು ಕೊಡದಿದ್ದರೆ ಸಹಿ ಬೇಡ.

ಏಲಕ್ಕಿಮಲೆ
ಲ್ಯಾಮಿನೇಷನ್ ತೊಂದರೆಯೇ. ಮುದ್ರೆ, ಸ್ಟಿಕರ್ ಎಲ್ಲ ಮೂಲ ಪ್ರಮಾಣಪತ್ರದ ಹಿಂಬದಿಗೆ ಬೀಳಬೇಕು, ಪ್ಲಾಸ್ಟಿಕ್ ಮೇಲೆ ಹಾಕಲ್ಲ. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟು ಬಿಡಿಸೋಕೆ ಹೋಗಬೇಡಿ, ಶಾಯಿಯೂ ಕಿತ್ತು ಬರುತ್ತೆ. ಕಾಗದ ರಿಪೇರಿ ಗೊತ್ತಿರೋರ ಹತ್ತಿರ ಬಿಡಿಸಿ. ಆಗಲ್ಲ ಅಂದರೆ ವಿಶ್ವವಿದ್ಯಾಲಯದ ಪರೀಕ್ಷಾಂಗ ವಿಭಾಗಕ್ಕೆ ನಕಲು ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಅದಕ್ಕೆ ವಾರಗಟ್ಟಲೆ ಹಿಡಿಯುತ್ತೆ, ಉಳಿದದ್ದಕ್ಕೆಲ್ಲ ಮುಂಚೆ ಅದನ್ನೇ ಶುರು ಮಾಡಿ.